ಅರವತ್ತು ಕ್ವಿಂಟಲ್ ಕಡಲೆಯೊಳಗೆ ಗಾಳಿಯ ದಾರಿ

ಕಣಜದ ಅಂಚಿನ ಮೇಲೆ ಅಂಗೈ ಚಾಚಿಕೊಂಡು ಕೂತಿದ್ದೆ. ಕೆಳಗೆ ನಾನೇ ಮಾಡಿದ ಬ್ಲೋವರ್ ಒದರುತ್ತಿತ್ತು. ಅದು ಎಳೆದುಕೊಂಡ ಮಾಘದ ಚಳಿಗಾಳಿ ಜಾಲರಿಯ ತಳದಿಂದ ಎದ್ದು, ಆರಡಿ ಕಡಲೆಯನ್ನು ದಾಟಿ, ನನ್ನ ಅಂಗೈಗೆ ತಾಗಬೇಕಿತ್ತು. ನನ್ನ ಲೆಕ್ಕ ಹಾಗೇ ಹೇಳಿತ್ತು. ಹತ್ತು ನಿಮಿಷ ಕೂತರೂ ಕೈಗೆ ಏನೂ ತಾಗಲಿಲ್ಲ.

"ಬಂತೇನ್ರಿ ಗಾಳಿ?" ಎಂದು ಕೆಳಗಿನಿಂದ ಸಂಘದ ಅಧ್ಯಕ್ಷೆ ಕೇಳಿದರು. ಊರೆಲ್ಲ ಅವರನ್ನು ಅಕ್ಕಾರು ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ.

"ಬರತೈತ್ರಿ ಅಕ್ಕಾರ, ಜರಾ ತಡೀರಿ" ಎಂದೆ. ಹಸಿ ಸುಳ್ಳು.

ನಿಪ್ಪಾಣಿಯಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಗಾಳಿ ಊದುವ ಯಂತ್ರಗಳನ್ನು ಮಾಡಿ ಕೊಡುವುದೇ ಕಸುಬು. ಗಾಳಿಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಜಂಬ ಆ ಮಾಘದವರೆಗೂ ಇತ್ತು. ಅದು ಇಳಿದದ್ದು ಅಥಣಿ ತಾಲೂಕಿನ ಒಂದು ಎರೆಮಣ್ಣಿನ ಊರಿನಲ್ಲಿ, ಗೋದಾಮೊಂದರೊಳಗಿನ ಎಂಟಡಿ ಅಗಲದ ತಗಡಿನ ಕಣಜದ ಮುಂದೆ.

ಅದು ಇಪ್ಪತ್ತೆರಡು ಮನೆಗಳು ಕೂಡಿ ಕಟ್ಟಿಕೊಂಡ ಬೀಜದ ಸಂಘ. ಹೆಚ್ಚಿನವು ಜೈನರ ಮನೆಗಳು, ಉಳಿದವು ಕುರಿ ಸಾಕುವವರವು. ಮುಂದಿನ ಹಿಂಗಾರಿಗೆ ಬಿತ್ತುವ ಕಡಲೆಯನ್ನು ಅಲ್ಲಿಯವರೆಗೆ ಒಂದೊಂದು ಮನೆಯೂ ತನ್ನ ತನ್ನ ಮಣ್ಣಿನ ಹರವಿಯಲ್ಲಿ, ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಿತ್ತು. ಎಲ್ಲರೂ ಒಂದೇ ಕಣಜದಲ್ಲಿ ಇಡೋಣ ಎಂದು ಮನೆಮನೆಗೆ ಹೋಗಿ ಒಪ್ಪಿಸಿದವರು ಅಕ್ಕಾರು. ಒಪ್ಪಿಸುವಾಗ ಒಂದು ಮಾತು ಕೊಟ್ಟಿದ್ದರು: ಕಾಳಿಗೆ ಹುಳ ಹತ್ತಬಾರದು, ಆದರೆ ಹುಳ ಕೊಲ್ಲುವ ಗುಳಿಗೆಯನ್ನೂ ಹಾಕಬಾರದು. ಗುಳಿಗೆ ಹಾಕಿ ಮುಚ್ಚಿದರೆ ಒಳಗಿರುವ ಜೀವವೆಲ್ಲ ಸಾಯುತ್ತದೆ. ಜೈನರಾದ ಅವರ ಅಹಿಂಸಾವ್ರತಕ್ಕೆ ಅದು ಒಗ್ಗದು.

ನನ್ನ ಉಪಾಯ ಸರಳವಾಗಿತ್ತು. ಕಡಲೆಯ ಹುಳಕ್ಕೆ ಚಳಿ ಆಗಿಬರುವುದಿಲ್ಲ. ಕಾಳು ಇಪ್ಪತ್ತು ಡಿಗ್ರಿಗಿಂತ ಕೆಳಗಿದ್ದರೆ ಅದು ಬೆಳೆಯುವುದೂ ಇಲ್ಲ, ಮೊಟ್ಟೆ ಇಡುವುದೂ ಇಲ್ಲ. ಚಳಿಗಾಲದ ಬೆಳಗಿನ ಗಾಳಿಯನ್ನು ದಿನಾ ನಾಲ್ಕು ತಾಸು ಕಣಜದ ತಳದಿಂದ ಹಾಯಿಸಿದರೆ ಕಾಳೆಲ್ಲ ತಂಪಾಗುತ್ತದೆ. ಆಮೇಲೆ ಬಾಯಿ ಮುಚ್ಚಿಬಿಡುವುದು. ಕಣಜಕ್ಕೆ ಎರಡು ಗೋಡೆ, ನಡುವೆ ಹೊಟ್ಟು ತುಂಬಿದ್ದರಿಂದ ಬಿಸಿಲು ಒಳಗಿಳಿಯುವುದು ನಿಧಾನ.

"ಆ ತಂಪಿಗೆ ಹುಳ ಸಾಯ್ತಾವೇನ್ರಿ?" ಎಂದು ಅಕ್ಕಾರು ಮೊದಲ ಭೇಟಿಯಲ್ಲೇ ಕೇಳಿದ್ದರು.

"ಇಲ್ರಿ, ಬೆಳಿಯೂದಿಲ್ಲ ಅಷ್ಟ."

"ಹಂಗಾರ ಮಾಡ್ರಿ" ಎಂದಿದ್ದರು. ಬೆಲೆ ಕೇಳುವ ಮೊದಲು ಹುಳದ ಕ್ಷೇಮ ಕೇಳಿದ ಗಿರಾಕಿ ನನಗೆ ಅವರೊಬ್ಬರೇ.

ಆದರೆ ಸಂಘದ ಕಾರ್ಯದರ್ಶಿ ಬೇರೆ ಥರದ ಮನುಷ್ಯ. ಕುರಿ ಹಿಂಡು ಇದ್ದವರು, ನೇರ ಮಾತಿನವರು, ಕೆಟ್ಟವರಲ್ಲ. ಅವರ ಮನೆಯ ಮೂರು ಕ್ವಿಂಟಲ್ ಕಡಲೆಯೂ ಕಣಜದೊಳಗಿತ್ತು. ಮೂರು ದಿನ ಬ್ಲೋವರ್ ಒದರಿದರೂ ಮೇಲಿನ ಕಾಳು ತಣಿಯದೆ ಮೂವತ್ತೊಂದು ಡಿಗ್ರಿಗೆ ಏರಿದ್ದನ್ನು ನೋಡಿ ಅವರು ಸಭೆ ಕರೆದರು. "ಅಕ್ಕಾರ, ನಿಮ್ಮ ಮಾತಿಗೆ ಎದುರಾಡಂಗಿಲ್ಲ. ಆದ್ರ ಇದು ಇಪ್ಪತ್ತೆರಡು ಮನಿ ಬೀಜ. ಶಿವರಾತ್ರಿ ಮರುದಿನಾ ಮ್ಯಾಲಿನ ಕಾಳ ಇಪ್ಪತ್ತರ ಕೆಳಗ ಬರಲಿಲ್ಲಂದ್ರ ಗುಳಿಗಿ ಹಾಕೂದ. ಒಪ್ಪೀರಿ?"

ಅಕ್ಕಾರು ಎದ್ದು ನಿಂತರು. "ಒಪ್ಪೇನಿ. ಆದ್ರ ಅವತ್ತಿನಿಂದ ಈ ಸಂಘಕ್ಕ ನಾ ಇಲ್ಲ. ನಾನ ಮನಿಮನಿಗಿ ಹೋಗಿ ಕಾಳ ಇಸ್ಕೊಂಡ ಬಂದಾಕಿ. ನನ್ನ ಕೈಯಾಗಿನ ಕಾಳಿಗೆ ವಿಷಾ ಹಾಕಿದ್ರ ನಾನ ಹಾಕಿದಂಗ."

ಶಿವರಾತ್ರಿಗೆ ಹದಿನೆಂಟು ದಿನ ಉಳಿದಿದ್ದವು. ಅದು ದಾಟಿದರೆ ಬೆಳಗಿನ ಚಳಿಯೂ ಉಳಿಯುವುದಿಲ್ಲ.

ಸಭೆ ಮುಗಿದ ಮೇಲೆ ನನ್ನ ಸಿಟ್ಟು ಒಂದು ಅರಿವೆಯ ಮೇಲೆ ತಿರುಗಿತು. ಬ್ಲೋವರ್ ಗಾಳಿ ಎಳೆಯುವ ಬಾಯಿಗೆ ಅಕ್ಕಾರು ತೆಳು ಬಿಳಿ ಅರಿವೆ ಕಟ್ಟಿದ್ದರು. ಅವರ ಮನೆಯಲ್ಲಿ ನೀರನ್ನು ಅರಿವೆಯಲ್ಲಿ ಸೋಸದೆ ಕುಡಿಯುವುದಿಲ್ಲ, ಗಾಳಿಯ ಜತೆ ಸೊಳ್ಳೆ ನೊಣ ಒಳಗೆ ಹೋಗಿ ರೆಕ್ಕೆಗೆ ಸಿಕ್ಕಬಾರದೆಂದು ಇಲ್ಲೂ ಹಾಗೇ ಮಾಡಿದ್ದರು. "ಅಕ್ಕಾರ, ನನ್ನ ಯಂತ್ರದ ಮೂಗಾ ಹಿಡದೀರಿ ನೀವು. ಉಸರ ಹೆಂಗ ಆಡಬೇಕ್ರಿ ಅದು?" ಎಂದು ಎಲ್ಲರ ಮುಂದೆ ಅಂದುಬಿಟ್ಟೆ. ಅವರು ಮುಖ ಸಣ್ಣದು ಮಾಡಿಕೊಂಡು ಅರಿವೆ ಬಿಚ್ಚಿದರು.

ಬಿಚ್ಚಿದರೂ ಗಾಳಿ ಬರಲಿಲ್ಲ. ಆಗ ನನ್ನ ನೀರಿನ ನಳಿಗೆಯನ್ನು ಸರಿಯಾಗಿ ನೋಡಿದೆ. ಪ್ಲಾಸ್ಟಿಕ್ ನಳಿಗೆಯೊಂದನ್ನು ಲಾಳದಂತೆ ಬಗ್ಗಿಸಿ, ಅರ್ಧಕ್ಕೆ ನೀರು ತುಂಬಿ, ನೀರಿಗೆ ಬಟ್ಟೆಯ ನೀಲಿ ಕಲೆಸಿ, ಹಲಗೆಗೆ ಕಟ್ಟಿದ್ದೆ. ಒಂದು ಬಾಯಿ ಕಣಜದ ತಳದ ಖಾಲಿ ಜಾಗಕ್ಕೆ, ಇನ್ನೊಂದು ಬಯಲಿಗೆ. ಕಡಲೆ ಗಾಳಿಯನ್ನು ಎಷ್ಟು ತಡೆಯುತ್ತದೋ ಅಷ್ಟು ಒಂದು ಕಡೆಯ ನೀರು ಮೇಲೇರುತ್ತದೆ. ನನ್ನ ಲೆಕ್ಕದಲ್ಲಿ ಎರಡು ಬೆರಳು ಏರಬೇಕಿತ್ತು. ಏರಿದ್ದು ಏಳು ಬೆರಳು. ಅರಿವೆ ಅಡ್ಡವಾಗಿದ್ದರೆ ತಳಕ್ಕೆ ಗಾಳಿಯೇ ಸಿಗದೆ ನೀರು ಕಡಿಮೆ ಏರುತ್ತಿತ್ತು. ಅಂದರೆ ತಳದವರೆಗೆ ಗಾಳಿ ಬೇಕಾದಷ್ಟು ಬಂದು ನಿಂತಿದೆ, ತಡೆ ಇರುವುದು ಕಡಲೆಯಲ್ಲಿ. ಮೂರು ದಿನದಿಂದ ಆ ನೀಲಿ ನೀರು ಇದನ್ನೇ ಹೇಳುತ್ತಿತ್ತು, ಸಿಟ್ಟಿನಲ್ಲಿದ್ದ ನನಗೆ ಕಂಡಿರಲಿಲ್ಲ. ಅರಿವೆಯನ್ನು ನಾನೇ ಮತ್ತೆ ಕಟ್ಟಿದೆ. "ತಪ್ಪಾತ್ರಿ ಅಕ್ಕಾರ" ಎಂದೆ. "ಇರಲಿ ಬಿಡ್ರಿ, ತಪ್ಪು ಹುಡಕೂ ಮುಂದ ಮೊದಲ ಕೈಗಿ ಸಿಕ್ಕದ್ದನ್ನ ಹಿಡೀತೇವಿ" ಎಂದರು. ಆ ಮಾತಿಗೆ ನಾನು ಇನ್ನಷ್ಟು ಕುಗ್ಗಿದೆ.

ಆದರೂ ಬುದ್ಧಿ ಬರಲಿಲ್ಲ. ಕಡಲೆ ತಡೆಯುತ್ತಿದ್ದರೆ ಜೋರಾಗಿ ತಳ್ಳಿದರಾಯಿತು ಎಂದುಕೊಂಡು ನಿಪ್ಪಾಣಿಗೆ ಹೋಗಿ ನನ್ನಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಬ್ಲೋವರನ್ನು ಐದಾರು ದಿನದಲ್ಲಿ ಸಜ್ಜು ಮಾಡಿ ಟೆಂಪೋಕ್ಕೆ ಹೇರಿಸಿದೆ. ಚಿಕ್ಕೋಡಿ, ರಾಯಬಾಗ ದಾಟಿ ಕೃಷ್ಣೆಯ ಸೇತುವೆಗೆ ಬರುವಷ್ಟರಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನಲ್ಲಿ ಸಿಕ್ಕು ಅರ್ಧ ದಿನ ಹೋಯಿತು.

ಮರುದಿನ ಬೆಳಿಗ್ಗೆ ಅದನ್ನು ಹಚ್ಚಿದಾಗ ಆದದ್ದನ್ನು ನಾನು ಇಂದಿಗೂ ಮರೆತಿಲ್ಲ. ಮೊದಲು ಏನೂ ಇಲ್ಲ. ನೀರು ಹತ್ತು ಬೆರಳು, ಹನ್ನೆರಡು ಬೆರಳು ಏರಿ ನಳಿಗೆಯ ಬಾಯಿಯಿಂದ ಹೊರಗೆ ಚೆಲ್ಲಿತು. ಆಮೇಲೆ ಕಣಜದ ಪಡುವಲ ಗೋಡೆಯ ಮಗ್ಗುಲಲ್ಲಿ, ಒಂದು ಬುಟ್ಟಿಯಷ್ಟು ಜಾಗದಲ್ಲಿ ಕಡಲೆ ಅಲುಗತೊಡಗಿತು. ನೋಡುತ್ತಿದ್ದಂತೆ ಅಲ್ಲಿ ಕಾಳುಗಳು ಕುದಿಯುವ ಅನ್ನದಂತೆ ಏಳುವುದು ಬೀಳುವುದು ಮಾಡಿದವು. ಒಂದು ಮೊಳ ಆಚೆಗೆ ಒಂದು ಕಾಳೂ ಮಿಸುಕಲಿಲ್ಲ. ಅಷ್ಟು ಗಾಳಿಯೂ ಒಂದೇ ತೂತು ಹುಡುಕಿಕೊಂಡು ಓಡಿಹೋಗುತ್ತಿತ್ತು, ಉಳಿದ ಕಡಲೆ ಬಿಸಿಯಾಗಿ ಹಾಗೇ ಕೂತಿತ್ತು. ಆ ತೂತಿನಿಂದ ಬೂದುಬಣ್ಣದ ಧೂಳು ಹೊಗೆಯಂತೆ ಎದ್ದು ಗೋದಾಮು ತುಂಬಿತು. ಕಾರ್ಯದರ್ಶಿ ಸೀನುತ್ತಾ ಹೊರಗೆ ಓಡಿದರು. ಅವರ ಮೀಸೆ ಒಂದೇ ನಿಮಿಷದಲ್ಲಿ ಹಣ್ಣಾಗಿತ್ತು.

ಬ್ಲೋವರ್ ನಿಲ್ಲಿಸಿ ಕೈ ನೋಡಿಕೊಂಡೆ. ಮಣ್ಣಿನ ಧೂಳಲ್ಲ, ನುಣ್ಣಗಿತ್ತು. ಮೂಸಿದೆ. ಬೂದಿ.

ಕಾಳು ತುಂಬುವ ದಿನ ಒಬ್ಬೊಬ್ಬರನ್ನೂ ನಾನು ಕೇಳಿದ್ದೆ, "ಔಷಧ ಗಿವಷಧ ಏನರ ಹಾಕೀರೇನ್ರಿ?" ಎಲ್ಲರೂ ಇಲ್ಲ ಎಂದಿದ್ದರು. ಈಗ, ಬೂದಿ ಕಂಡ ದಿನವೇ ಮಧ್ಯಾಹ್ನ, ಮನೆಮನೆಯ ಹೆಂಗಸರನ್ನು ಗೋದಾಮಿನ ಕಟ್ಟೆಗೆ ಕರೆದು ಬೂದಿ ತೋರಿಸಿ ಮತ್ತೆ ಕೇಳಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು.

"ಬೂದಿ ಹಚ್ಚದ ಬೀಜಾ ಯಾರರ ಇಡತಾರೇನ್ರಿ?" ಎಂದಳು ಒಬ್ಬಾಕೆ.

"ನಾ ಔಡಲೆಣ್ಣಿ ಹಚ್ಚೇನಿ. ನಮ್ಮ ಮನ್ಯಾಗ ಬೂದಿ ನಡಿಯೂದಿಲ್ಲ" ಎಂದಳು ಇನ್ನೊಬ್ಬಾಕೆ.

"ಬರೇ ಕಡ್ಲಿ ತರ್ರಿ ಅಂದಿದ್ನೆಲ್ರಿ ನಾ?"

"ಬರೇ ಕಡ್ಲೀನ ತಂದೇವಲ್ರಿ. ಅದರಾಗ ಗೋದಿ ಹಾಕೇವೇನು?"

ಯಾರೂ ಸುಳ್ಳು ಹೇಳಿರಲಿಲ್ಲ. ಬೀಜವನ್ನು ಬರಿಮೈಯಲ್ಲಿ ಎತ್ತಿಡುವುದು ಆ ಹೆಂಗಸರ ಮಟ್ಟಿಗೆ ಕೂಸನ್ನು ಚಳಿಯಲ್ಲಿ ಬಿಟ್ಟಂತೆ. ನಾನು ಬೇಡ ಎಂದು ಹೇಳಿದ್ದರೂ ಯಾವ ತಾಯಿಯೂ ಕೇಳುತ್ತಿರಲಿಲ್ಲವೇನೋ. ಏಳು ಮನೆಯವರು ಸಗಣಿ ಕುಳ್ಳಿನ ಬೂದಿ ಹಚ್ಚಿದ್ದರು, ಹತ್ತು ಮನೆಯವರು ಔಡಲೆಣ್ಣೆ, ಅಂದರೆ ಹರಳೆಣ್ಣೆ. ಉಳಿದವರು ಬಿತ್ತುವ ಮುಂಚೆ ಹಚ್ಚಿದರಾಯಿತು ಎಂದು ಹಾಗೇ ತಂದಿದ್ದರು. ಬಂದ ಬಂದ ಹಾಗೆ ಸುರಿದಿದ್ದರಿಂದ ಕಣಜದೊಳಗೆ ಮನೆಗೊಂದು ಪದರವಾಗಿ, ಗಾಳಿಯ ದಾರಿಗೆ ಏಳು ಕಡೆ ಬೂದಿಯ ಬಾಗಿಲು ಬಿದ್ದಿತ್ತು.

ನನ್ನ ಲೆಕ್ಕದಲ್ಲಿ ಕಾಳಿನ ಗಾತ್ರ ಇತ್ತು, ಕಣಜದ ಎತ್ತರ ಇತ್ತು, ಗಾಳಿಯ ವೇಗ ಇತ್ತು. ಕಾಳಿನ ಮೈ ಹೇಗಿದೆ ಎಂಬುದೇ ಇರಲಿಲ್ಲ. ಮೈ ನುಣುಪಿದ್ದರೇನು ಒರಟಿದ್ದರೇನು, ಗಾಳಿ ಹೋಗುವುದು ಸಂದಿಯಲ್ಲಿ ತಾನೇ ಎಂದುಕೊಂಡಿದ್ದೆ. ಸಂದಿಯನ್ನು ಮಾಡುವುದೇ ಆ ಮೈ ಎಂಬುದು ಹೊಳೆದಿರಲಿಲ್ಲ.

ಅಂದು ಸಂಜೆಗೆ ಶಿವರಾತ್ರಿಗೆ ಹತ್ತು ದಿನ ಉಳಿದಿದ್ದವು. ವರ್ಕ್‌ಶಾಪಿನಿಂದ ತಂದಿದ್ದ, ಅಂಗೈ ಅಗಲದ ಬಾಯಿ ಇರುವ ಪಾರದರ್ಶಕ ಕೊಳವೆಯೊಂದನ್ನು ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ನಿಲ್ಲಿಸಿದೆ. ಎದೆಮಟ್ಟದ ಎತ್ತರ. ತಳಕ್ಕೆ ಜಾಲರಿ, ಕೆಳಗೆ ಪುಟ್ಟ ಬ್ಲೋವರ್, ಮಗ್ಗುಲಿಗೆ ನೀಲಿ ನೀರಿನ ನಳಿಗೆ. ತೂಕ ಮಾಡಿ ನಾಲ್ಕು ಕಿಲೋ ಬರಿ ಕಡಲೆ ಸುರಿದೆ. ನೀರು ಒಂದು ಬೆರಳು ಏರಿತು. ಅದನ್ನು ತೆಗೆದು, ಅಷ್ಟೇ ತೂಕದ ಬೂದಿ ಹಚ್ಚಿದ ಕಡಲೆ ಸುರಿದೆ. ಬೂದಿ ಕಾಳಿನ ಮೈಗೆ ಅಂಟಿ ನಿಲ್ಲದೆ ಸಂದಿಗಿಳಿದು ಕೂತಿತು. ನೀರು ಮೂರು ಬೆರಳು ಏರಿತು, ಮೇಲೆ ಹಿಡಿದ ಕಾಗದದ ಚೂರು ಅಲುಗಲಿಲ್ಲ. ಇಷ್ಟು ನಾನು ಊಹಿಸಿದ್ದೆ.

ಎಣ್ಣೆ ಹಚ್ಚಿದ ಕಡಲೆ ಇನ್ನೂ ಕೆಡುಕು ಮಾಡುತ್ತದೆ ಎಂದು ಅಕ್ಕಾರಿಗೆ ಮೊದಲೇ ಹೇಳಿಟ್ಟಿದ್ದೆ. ಜಿಡ್ಡು ಅಂದ ಮೇಲೆ ಅಂಟಿಕೊಂಡು ಸಂದಿ ಮುಚ್ಚುವುದು ಸಹಜ ಎಂಬ ತರ್ಕ. ಸುರಿದು ನೋಡಿದರೆ ನೀರು ಒಂದು ಬೆರಳಿಗೂ ಕಡಿಮೆ ಏರಿತು. ಬರಿ ಕಡಲೆಗಿಂತ ಸಲೀಸಾಗಿ ಗಾಳಿ ಹೊರಟಿತ್ತು. ತೂಕ ತಪ್ಪಿರಬೇಕೆಂದು ಮತ್ತೆ ತೂಗಿದೆ. ನಾಲ್ಕೇ ಕಿಲೋ. ಆದರೆ ಕೊಳವೆಯಲ್ಲಿ ಅದು ಬರಿ ಕಡಲೆಗಿಂತ ಎರಡು ಬೆರಳು ಎತ್ತರಕ್ಕೆ ನಿಂತಿತ್ತು. ಅದೇ ಕಾಳು, ಅದೇ ತೂಕ, ಎತ್ತರ ಮಾತ್ರ ಬೇರೆ! ಒಣ ನುಣುಪಿನ ಕಾಳುಗಳು ಜಾರಿ ಜಾರಿ ಒಂದರ ಮಗ್ಗುಲಿಗೆ ಒಂದು ಒತ್ತಾಗಿ ಕೂತಿದ್ದವು. ಎಣ್ಣೆಯ ಒಂದು ಪಸೆ ಇದ್ದ ಕಾಳು ಬಿದ್ದ ಜಾಗದಲ್ಲೇ ಹಿಡಿದು ನಿಂತಿತ್ತು, ಬಸ್ಸಿನಲ್ಲಿ ಮೊಣಕೈ ಚಾಚಿ ನಿಂತವರ ಹಾಗೆ. ನಡುವೆ ಉಳಿದ ಆ ಕೂದಲೆಳೆಯಷ್ಟು ಜಾಗವೇ ಗಾಳಿಗೆ ಹೆದ್ದಾರಿಯಾಗಿತ್ತು.

ಬೆರಳಿಗೆ ಹತ್ತಿದರೂ ಕಾಣದ ಒಂದು ಜಿಡ್ಡಿನ ಪಸೆ, ಕಾಳುಗಳು ಹೇಗೆ ಕೂರಬೇಕು ಎಂದು ತೀರ್ಮಾನಿಸುತ್ತದೆ. ಅವು ಕೂತ ರೀತಿ ಗಾಳಿಗೆ ದಾರಿ ಕೊಡುತ್ತದೆ, ಇಲ್ಲವೇ ಕೊಡುವುದಿಲ್ಲ. ಇಷ್ಟು ವರ್ಷ ಗಾಳಿಯ ಬೆನ್ನು ಹತ್ತಿದವನು ಕಾಳಿನ ಸಿಪ್ಪೆಯ ಕಡೆ ಒಮ್ಮೆಯೂ ನೋಡಿರಲಿಲ್ಲ.

ಖುಷಿಯಲ್ಲಿ ಎಣ್ಣೆ ಜಾಸ್ತಿ ಮಾಡಿ ನೋಡಿದೆ. ಕಾಳು ಮುದ್ದೆ ಮುದ್ದೆಯಾಗಿ, ನಡುವೆ ಬಿರುಕು ಬಿಟ್ಟು, ಗಾಳಿ ಆ ಬಿರುಕಿನಲ್ಲೇ ಸಿಳ್ಳೆ ಹಾಕಿಕೊಂಡು ಹೋಯಿತು. ಸಾಲದ್ದಕ್ಕೆ ಏಳು ಮನೆಯ ಬೂದಿ ಕಾಳಿಗೆ ಏನು ಮಾಡುವುದು ಎಂಬುದೂ ಉಳಿದೇ ಇತ್ತು. ಎಷ್ಟು ಸಾಣಿಸಿದರೂ ಸಿಪ್ಪೆಯ ನೆರಿಗೆಯಲ್ಲಿದ್ದ ಬೂದಿ ಹೋಗುತ್ತಿರಲಿಲ್ಲ.

ಬೆಳಗಿನಿಂದ ಕಟ್ಟೆಯ ಮೂಲೆಯಲ್ಲಿ ಕೂತು ನನ್ನ ಆಟ ನೋಡುತ್ತಿದ್ದವರು ಅಕ್ಕಾರ ಅತ್ತೆ. ಎಂಬತ್ತು ದಾಟಿದವರು, ಊರಿಗೆಲ್ಲ ಆಯಿ. ಈಗ ಸೊಸೆಯನ್ನು ಕರೆದು, "ಅಂವಗ ಹೇಳ, ಮೊದಲ ಎಣ್ಣಿ, ಆಮ್ಯಾಲ ಬೂದಿ. ಇವ್ರು ಬರೇ ಬೂದಿ ಹಚ್ಚ್ಯಾರ, ಅದಕ್ಕ ಉದರಾಕತ್ತೈತಿ" ಎಂದರು.

"ಎರಡೂ ಕೂಡಿದ್ರ ಕೆಸರ ಆಗೂದಿಲ್ಲೇನ್ರಿ ಆಯಿ?" ಎಂದೆ.

"ಕೆಸರ ಮಾಡು ಅಂದ್ರ ಮಾಡ್ತೀ ನೀ. ಬೆರಳ ಅದ್ದು, ಕೈ ಅದ್ದಬ್ಯಾಡ. ತಾ ಇಲ್ಲೆ."

ಮೊರ ಮುಂದಿಟ್ಟುಕೊಂಡರು. ನಾಲ್ಕು ಕಿಲೋ ಕಡಲೆಗೆ ಎರಡು ಚಮಚೆ ಆಗುವಷ್ಟು ಎಣ್ಣೆಯನ್ನು ಅಂಗೈಗೆ ಸವರಿಕೊಂಡು ಕಾಳನ್ನು ಮೆಲ್ಲಗೆ ಉಜ್ಜಿದರು. ಕಾಳೆಲ್ಲ ಮಿಂಚಿದ ಮೇಲೆ ಒಂದು ಚಿಟಿಕೆ, ಇನ್ನೊಂದು ಚಿಟಿಕೆ ಎಂದು ಸೋಸಿದ ಬೂದಿ ಉದುರಿಸುತ್ತಾ ಹೊರಳಿಸಿದರು. ಮಿಂಚು ಹೋಗಿ ಕಾಳು ಮಂಕಾಗುತ್ತಿದ್ದಂತೆ ಕೈ ತೆಗೆದರು. ಮೊರ ಕೊಡವಿದರೆ ಒಂದು ಚಿಟಿಕೆ ಬೂದಿಯೂ ಕೆಳಗೆ ಬೀಳಲಿಲ್ಲ.

ಭೂತಗನ್ನಡಿ ಹಿಡಿದು ನೋಡಿದೆ. ಕಾಳಿನ ಸಿಪ್ಪೆಯ ಮೇಲೆ ಬೂದಿಯ ಕಣಗಳು ನಾಲಿಗೆಯ ಮೇಲಿನ ಒರಟಿನ ಹಾಗೆ ಹರಡಿ ಗಟ್ಟಿಯಾಗಿ ಕೂತಿದ್ದವು. ಸಂದಿ ಮುಚ್ಚುತ್ತಿದ್ದ ಅದೇ ಬೂದಿ ಈಗ ಮೈಗೆ ಅಂಟಿ ಮೈಯೇ ಆಗಿತ್ತು. ಕೊಳವೆಗೆ ಸುರಿದಾಗ ಕಡಲೆ ಬರಿ ಕಾಳಿಗಿಂತ ನಾಲ್ಕು ಬೆರಳು ಮೇಲೆ ನಿಂತಿತು. ನೀಲಿ ನೀರು ಅರ್ಧ ಬೆರಳೂ ಏರಲಿಲ್ಲ. ಕಾಗದದ ಚೂರು ನನ್ನ ಕೈಯಿಂದ ಹಾರಿ ಅಕ್ಕಾರ ಸೆರಗಿನ ಮೇಲೆ ಬಿತ್ತು.

ನಾನು ನಿಂತಲ್ಲೇ ಆಯಿಗೆ ಕೈ ಮುಗಿದೆ. "ಇದನ್ನ ಎಲ್ಲಿ ಕಲ್ತ್ರಿ?"

"ಕಲಿಯೂದೇನ ಬಂತು? ಮಣ್ಣಿನ ಹರವ್ಯಾಗ ಕಾಳ ಒತ್ತಿ ಕುಂತ್ರ ಮುಗ್ಗಲಾಗತಿತ್ತು. ಹಿಂಗ ಹಚ್ಚಿದ್ರ ಆಗತಿರಲಿಲ್ಲ."

"ಈ ಎಣ್ಣಿಗೆ ಹುಳ ಸಾಯ್ತೈತೇನ್ರಿ ಅತ್ಯಾರ?" ಎಂದು ಅಕ್ಕಾರು ಕೇಳಿದರು. ಅವರ ಚಿಂತೆ ಅಲ್ಲೇ ಇತ್ತು.

"ಯಾಕ ಸಾಯ್ತೈತಿ? ತತ್ತಿ ಇಡಾಕ ಜಾಗಾ ಹಿಡಸೂದಿಲ್ಲ, ಬ್ಯಾರೆ ಕಡೆ ಹೊಕ್ಕೈತಿ."

ಈಗ ನಿರ್ಧಾರ ಮಾಡಬೇಕಿತ್ತು. ಅರವತ್ತು ಕ್ವಿಂಟಲನ್ನೂ ಹೊರಗೆ ತೆಗೆದು, ಸಾಣಿಸಿ, ಪ್ರತಿ ಕಾಳಿಗೂ ಕೈ ಹಚ್ಚಿ, ಮತ್ತೆ ತುಂಬಬೇಕು. ಕಾಳು ತಣಿಯಲು ಕನಿಷ್ಠ ಐದು ಬೆಳಗಾದರೂ ಬೇಕು. ಅಂದರೆ ಕೈಗೆ ಉಳಿಯುವುದು ನಾಲ್ಕು ದಿನ. ಸುಗ್ಗಿಯ ಕೆಲಸ ಬಿಟ್ಟು ಯಾರು ಬರುತ್ತಾರೆ? ಕೊಳವೆಯಲ್ಲಿ ಆದದ್ದು ಕಣಜದಲ್ಲಿ ಆಗದಿದ್ದರೆ? "ಅಕ್ಕಾರ, ನಾ ಖಾತ್ರಿ ಕೊಡಾಕ ಆಗೂದಿಲ್ಲ. ಒಂದ ಸಲ ನನ್ನ ಲೆಕ್ಕಾ ತಪ್ಪೈತಿ" ಎಂದೆ. ಜೀವಮಾನದಲ್ಲಿ ಗಿರಾಕಿಯ ಮುಂದೆ ಹಾಗಂದದ್ದು ಅದೇ ಮೊದಲು.

"ಈ ಲೆಕ್ಕಾ ನಿಮ್ದಲ್ಲಲ್ರಿ, ಅತ್ಯಾರ್ದು" ಎಂದು ಅಕ್ಕಾರು ಎದ್ದರು. "ತಾಡಪತ್ರಿ ಹಾಸ್ರಿ."

ಅವತ್ತೇ ಮಧ್ಯಾಹ್ನ ಅವರು ಮತ್ತೆ ಮನೆಮನೆಗೆ ಹೋದರು. ಏನು ಹೇಳಿದರೋ ನನಗೆ ತಿಳಿಯದು. ಮರುದಿನ ಹೊತ್ತು ಏರುವಷ್ಟರಲ್ಲಿ ಇಪ್ಪತ್ತೆರಡು ಮನೆಯ ಹೆಂಗಸರು ಗೋದಾಮಿನ ಅಂಗಳದಲ್ಲಿದ್ದರು. ಕಾರ್ಯದರ್ಶಿಯ ಹೆಂಡತಿಯೂ ಬಂದಿದ್ದರು. ಅವರ ಹಿಂದೆ ಗೊಣಗುತ್ತಾ ಕಾರ್ಯದರ್ಶಿಯೂ ಬಂದು ಸಲಿಕೆ ಹಿಡಿದರು. ಆಯಿ ನಡುವೆ ಗೋಣಿತಟ್ಟಿನ ಮೇಲೆ ಕೂತರು. ಕಾಳು ಮಿಂಚಿದಾಗ "ಸಾಕು ಎಣ್ಣಿ", ಮಂಕಾದಾಗ "ಸಾಕು ಬೂದಿ". ಅಳತೆಯೆಂದರೆ ಅವರ ಕಣ್ಣು, ಅಷ್ಟೇ. ನಾನು ಹತ್ತಾರು ಕಡೆಯಿಂದ ಹಿಡಿ ಹಿಡಿ ತಂದು ಕೊಳವೆಯಲ್ಲಿ ಪರೀಕ್ಷಿಸಿದೆ. ಪ್ರತಿ ಸಲವೂ ನೀರು ಅರ್ಧ ಬೆರಳಿನ ಹತ್ತಿರವೇ ನಿಂತಿತು. ಕೊನೆಗೆ ಕೊಳವೆಯನ್ನು ಬದಿಗಿಟ್ಟು ಆ ಕಣ್ಣನ್ನೇ ನಂಬಿದೆ.

ಸಾಣಿಸುವಾಗ ಹುಳಗಳೂ ಸಿಕ್ಕವು, ಹೊಲದಿಂದಲೇ ಬಂದವು. ಅಕ್ಕಾರು ಅವನ್ನು ತಾಟಿನಲ್ಲಿ ಕೂಡಿಸಿ ದೂರದ ಬೇಲಿಗೆ ಬಿಟ್ಟು ಬರುತ್ತಿದ್ದರು.

"ಅಕ್ಕಾರ, ಅವು ಸಂಜಿ ಆಗೂದ್ರಾಗ ತಿರಗಿ ಬರ್ತಾವ" ಎಂದರು ಕಾರ್ಯದರ್ಶಿ.

"ಬರ್ಲಿ. ಬಾಗಿಲಾ ಹಾಕೂದು ನಮ್ಮ ಕೆಲಸ. ಕೊಲ್ಲೂದಲ್ಲ."

ನಾಲ್ಕನೇ ದಿನ ತುಂಬಿದೆವು. ಒಳಗಿಳಿದು ಕಾಳನ್ನು ತುಳಿದು ಕೂರಿಸುವುದು ಅಲ್ಲಿಯ ರೂಢಿ. ಇಬ್ಬರು ಗಂಡಸರು ಆಗಲೇ ಧೋತರ ಎತ್ತಿ ಕಟ್ಟಿ ಏಣಿ ಹತ್ತಿದ್ದರು. ಕೂಗಿ ಇಳಿಸಿದೆ. ಮೊರದಿಂದ ಮೆಲ್ಲಗೆ ಚಿಮ್ಮಿಸುತ್ತಾ ಮಳೆ ಬಿದ್ದಂತೆ ತುಂಬಬೇಕೆಂದು ಹೇಳಿದೆ. ಆರಡಿ ಇದ್ದ ಅದೇ ಕಡಲೆ ಈಗ ಆರೂವರೆ ಅಡಿಗೆ ಬಂದು ನಿಂತಿತು. ಕಾರ್ಯದರ್ಶಿ ಅಂಚಿಗೆ ಕೈ ಇಟ್ಟು ಎರಡು ಸಲ ಅಳೆದರು. "ನಾವೇನ ಹೆಚ್ಚಿಗಿ ಹಾಕಿಲ್ಲ ಹೌದಲ್ರಿ?" ಎಂದು ನನ್ನನ್ನೇ ಕೇಳಿದರು.

ಐದನೇ ಬೆಳಗು ಮೊದಲಿನ ಸಣ್ಣ ಬ್ಲೋವರನ್ನೇ ಹಚ್ಚಿದೆ. ಬಾಯಿಗೆ ಅಕ್ಕಾರ ಅರಿವೆ ಹಾಗೇ ಇತ್ತು. ಕಡಲೆಯ ಮೇಲೆಲ್ಲ ಗೇಣಿಗೊಂದರಂತೆ ತೆಳು ಕಾಗದದ ಪಟ್ಟಿಗಳನ್ನು ನೆಟ್ಟಿದ್ದೆ. ಸ್ವಿಚ್ ಹಾಕಿ ಏಣಿ ಹತ್ತುವಷ್ಟರಲ್ಲಿ ಮೇಲಿದ್ದ ಅಕ್ಕಾರು ಬಾಯಿ ಮೇಲೆ ಕೈ ಇಟ್ಟುಕೊಂಡಿದ್ದರು. ನಡುವಿನವು, ಅಂಚಿನವು ಎಂಬ ಭೇದವಿಲ್ಲದೆ ಎಲ್ಲ ಪಟ್ಟಿಗಳೂ ಒಟ್ಟಿಗೆ ನಡುಗುತ್ತಿದ್ದವು. ಒಂದು ಕಾಳೂ ಅಲುಗುತ್ತಿರಲಿಲ್ಲ. ಗಾಳಿಯನ್ನು ಜೀವಮಾನವೆಲ್ಲ ಶಬ್ದದಲ್ಲಿ ಕೇಳಿದ್ದೆ, ಅದು ಇಷ್ಟು ಸದ್ದಿಲ್ಲದೆ ಲಕ್ಷಾಂತರ ಸಂದಿಗಳಿಂದ ಒಂದೇ ಸಮನೆ ಏಳುವುದನ್ನು ಕಂಡಿರಲಿಲ್ಲ. ನೀಲಿ ನೀರು ಒಂದೂವರೆ ಬೆರಳಿನಲ್ಲಿ ನಿಂತಿತ್ತು. ಕಣ್ಣು ತುಂಬಿ ಬಂತು, ಬೂದಿ ಬಿತ್ತೆಂದು ಒರೆಸಿಕೊಂಡೆ.

ತಂಪು ಏರುವುದನ್ನು ನೋಡುವುದು ಇನ್ನೊಂದು ಬೆರಗು. ಕಬ್ಬಿಣದ ಕೋಲಿಗೆ ಮೂರು ಕಡೆ ಥರ್ಮಾಮೀಟರ್ ಕಟ್ಟಿ ಕಡಲೆಯಲ್ಲಿ ಚುಚ್ಚಿದ್ದೆ. ಎಲ್ಲ ಕಾಳೂ ಒಟ್ಟಿಗೆ ಸ್ವಲ್ಪ ಸ್ವಲ್ಪ ತಣಿಯುತ್ತದೆ ಎಂದು ಬಂದವರೆಲ್ಲ ತಿಳಿದಿದ್ದರು. ಹಾಗಾಗುವುದಿಲ್ಲ. ತಂಪಿಗೆ ಒಂದು ಮಟ್ಟವಿರುತ್ತದೆ. ಬಾವಿಯಲ್ಲಿ ನೀರು ಏರಿದ ಹಾಗೆ ಆ ಮಟ್ಟ ದಿನಕ್ಕೆ ಒಂದು ಅಡಿ ಚಿಲ್ಲರೆ ಏರುತ್ತದೆ. ಕೆಳಗೆ ಹದಿನೇಳು, ಮೇಲೆ ಇನ್ನೂ ಮೂವತ್ತೊಂದು, ನಡುವೆ ಒಂದು ಗೇಣಿನ ಗಡಿ. ಕಾರ್ಯದರ್ಶಿ ದಿನಾ ಬೆಳಿಗ್ಗೆ ಬಂದು ಥರ್ಮಾಮೀಟರ್ ಬಿಟ್ಟು ತಮ್ಮ ಕೈಯನ್ನೇ ಕಡಲೆಯೊಳಗೆ ತೂರಿಸಿ ಆ ಗಡಿ ಹುಡುಕುತ್ತಿದ್ದರು. "ಇವತ್ತ ಮುಂಗೈಗಿ ಬಂದೈತಿ" ಎನ್ನುವರು. ಮರುದಿನ "ಮೊಳಕೈಗಿ ಬಂತ್ರಿ."

ಮೂರನೆಯ ಬೆಳಗು ಆಕಾಶ ಮುಚ್ಚಿಕೊಂಡು ಸೆಕೆಯಾಯಿತು. ಬ್ಲೋವರ್ ಹಚ್ಚಲಿಲ್ಲ, ಹಚ್ಚಿದ್ದರೆ ಬೆಚ್ಚಗಿನ ಗಾಳಿಯನ್ನು ತುಂಬಿದಂತಾಗುತ್ತಿತ್ತು. ಅವತ್ತು ಅಕ್ಕಾರು ಉಪವಾಸ ಮಾಡಿದರು ಎಂದು ಆಮೇಲೆ ತಿಳಿಯಿತು. ಮೋಡ ಸರಿದು ಮತ್ತೆ ಚಳಿ ಬಿತ್ತು. ಶಿವರಾತ್ರಿಯ ಮರುದಿನ ಬೆಳಿಗ್ಗೆ ಎಂಟಕ್ಕೆ ಸಂಘದವರೆಲ್ಲ ಸೇರಿದಾಗ ಮೇಲಿನ ಥರ್ಮಾಮೀಟರನ್ನು ಕಾರ್ಯದರ್ಶಿಯೇ ಕಿತ್ತು ಓದಿದರು. "ಹದಿನೆಂಟು" ಎಂದು ಒಮ್ಮೆ ಮೆಲ್ಲಗೆ, ಇನ್ನೊಮ್ಮೆ ಜೋರಾಗಿ. ಕಣಜದ ಬಾಯಿ ಮುಚ್ಚಿದೆವು.

ಆದರೆ ಕೆಲಸ ಅಲ್ಲಿಗೆ ಮುಗಿದಿರಲಿಲ್ಲ ಎಂಬುದು ಅಕ್ಕಾರಿಗೂ ನನಗೂ ಗೊತ್ತಿತ್ತು. ಬೀಜ ಬದುಕಿದೆಯೇ ಎಂಬುದು ಬಿತ್ತುವ ಹೊತ್ತಿಗಷ್ಟೇ ಗೊತ್ತಾಗುವುದು. ಆ ಬೇಸಿಗೆಯಲ್ಲಿ ನಿಪ್ಪಾಣಿಯ ಬಿಸಿಲು ಏರಿದಾಗಲೆಲ್ಲ ನನಗೆ ಆ ಕಣಜದ ನೆನಪಾಗಿ ಊಟ ರುಚಿಸುತ್ತಿರಲಿಲ್ಲ.

ಮುಂಗಾರು ಕಳೆದು ಹಿಂಗಾರಿನ ಹದ ಬಂದಾಗ ಅಕ್ಕಾರು ಫೋನ್ ಮಾಡಿದರು. "ಬರ್ರಿ, ಬಿಚ್ಚತೇವಿ" ಅಂದರು, ಅಷ್ಟೇ. ನಾನು ಮುಟ್ಟುವುದಕ್ಕೆ ನಾಲ್ಕು ದಿನ ಮೊದಲೇ ಕಣಜದ ಬೇರೆ ಬೇರೆ ಆಳದಿಂದ ನೂರು ಕಾಳು ತೆಗೆದು, ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ ಮೊಳಕೆಗೆ ಇಟ್ಟಿದ್ದರು. ಎಲ್ಲರೂ ಬರುವವರೆಗೆ ಬಿಚ್ಚಿರಲಿಲ್ಲ.

ಕಟ್ಟೆಯ ಮೇಲೆ ತಟ್ಟು ಬಿಚ್ಚಿದರು. ಬಿಳಿ ಬೇರುಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ಕಾರ್ಯದರ್ಶಿ ಒಂದೊಂದನ್ನೇ ಬಿಡಿಸಿ ಎಣಿಸಿದರು. ತೊಂಬತ್ತನಾಲ್ಕು. ಯಾರೋ ಕೇಕೆ ಹಾಕಿದರು. ಅಕ್ಕಾರು ಮಾತ್ರ ಮೊಳಕೆ ಬಾರದ ಆರು ಕಾಳುಗಳನ್ನು ಆಯ್ದು ಅಂಗೈಯಲ್ಲಿ ಇಟ್ಟುಕೊಂಡು ಒಂದೊಂದನ್ನೇ ತಿರುಗಿಸಿ ನೋಡಿದರು. ಒಂದರಲ್ಲೂ ಹುಳದ ತೂತಿರಲಿಲ್ಲ.

"ಇವು ತಾವಾಗೇ ಹೋಗ್ಯಾವ್ರಿ" ಎಂದರು. "ನಾವು ಯಾರ ಜೀವಾನೂ ತಗೊಂಡಿಲ್ಲ. ಒಂದರದೂ ಇಲ್ಲ." ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಅಷ್ಟು ಜನರ ಮುಂದೆ, ಅತ್ತರು.

ಕಾರ್ಯದರ್ಶಿ ಗೋದಾಮಿನೊಳಗೆ ನಡೆದರು. ಕಣಜದ ಕೆಳಗಿನ ಬಾಯಿ ಎತ್ತಿ, ಸುರಿದ ಮೊದಲ ಬುಟ್ಟಿಯನ್ನು ತಾವೇ ಹೊತ್ತು ತಂದು ಅಕ್ಕಾರ ಮುಂದೆ ಇಳಿಸಿದರು. "ಏಳ್ರಿ ಅಕ್ಕಾರ. ಹದಾ ಆರೂದ್ರಾಗ ಬಿತ್ತೂನು. ಮೊದಲ ನಿಮ್ಮ ಹೊಲಾ."